ನಾಯಿಯ ಬಾಯಿಯ ಅರ್ಬುದ ಮತ್ತು ಟೈರೋಸಿನೇಸ್ ಎಂಬ ಪ್ರೋಟೀನು

ಬದನೆಕಾಯಿಯನ್ನು ಹೆಚ್ಚಿದೊಡನೆ ನೀರಿಗೆ ಹಾಕಿಡುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಹಾಗೆ ಮಾಡದೆ ಹೋಳುಗಳನ್ನು ತಟ್ಟೆಯಲ್ಲಿಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅವು ಕಂದುಬಣ್ಣಕ್ಕೆ ತಿರುಗಿ ಕ್ರಮೇಣ ಕಪ್ಪಾಗುತ್ತವೆ. ಕಾಯಿಯ ಜೀವಕೋಶಗಳು ಒಡೆದಾಗ ಅವುಗಳೊಳಗಿನ ಒಂದು ಕಿಣ್ವವು ಗಾಳಿಯಲ್ಲಿರುವ ಆಮ್ಲಜನಕದ ನೆರವಿನಿಂದ ಬಣ್ಣವಿಲ್ಲದ ಪದಾರ್ಥಗಳನ್ನು ಬಣ್ಣದ ಪದಾರ್ಥಗಳನ್ನಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ. ನೀರು ಗಾಳಿಯನ್ನು ದೂರವಿಡುವುದರಿಂದ ಕಾಯಿ ಬಿಳುಪಾಗಿಯೇ ಉಳಿಯುತ್ತದೆ. ಇದೇ ಬಳಗಕ್ಕೆ ಸೇರಿದ, ತಾಮ್ರದ ಪರಮಾಣುಗಳನ್ನು ಒಡಲಲ್ಲಿಟ್ಟುಕೊಂಡ ಮತ್ತೊಂದು ಕಿಣ್ವವು ಮನುಷ್ಯನ ಚರ್ಮ, ಕೂದಲು, ಕಣ್ಣುಗಳಲ್ಲಿಯೂ ನಾಯಿಯ ಮೂಗು, ವಸಡು, ತುಟಿಗಳಲ್ಲಿಯೂ ಕೆಲಸ ಮಾಡುತ್ತದೆ. ಅದರ ಹೆಸರು ಟೈರೋಸಿನೇಸ್. 1895ರ ಸುಮಾರಿಗೆ ಫ್ರಾನ್ಸಿನ ಬೂರ್ಕೆಲೊ ಮತ್ತು ಬರ್ತ್ರಾಂ ಎಂಬ ವಿಜ್ಞಾನಿಗಳು, ಕುಯ್ದ ಅಣಬೆಗಳು ಕಪ್ಪಾಗುವುದೇಕೆಂದು ವಿಚಾರಿಸುತ್ತ ಈ ಕಿಣ್ವವನ್ನು ಗುರುತಿಸಿದರು. ಶತಮಾನವೊಂದು ಕಳೆದ ಮೇಲೆ ಇದೇ ಪ್ರೋಟೀನು ನ್ಯೂಯಾರ್ಕ್ ನಗರದಲ್ಲಿ, ಮೆಲನೋಮ ಎಂಬ ಮಾರಕ ಅರ್ಬುದಕ್ಕೆ ತುತ್ತಾದ ನಾಯಿಗಳ ಚಿಕಿತ್ಸೆಗೆ ಆಧಾರವಾಯಿತು. ಆ ಪ್ರಯತ್ನದಲ್ಲಿ ಬುದ್ಧಿವಂತಿಕೆಯ ಒಂದು ಉಪಾಯ ಅಡಗಿರುವಂತೆಯೇ, ಪ್ರಮಾಣಗಳನ್ನು ತೂಗಿ ನೋಡಬೇಕಾದ ಒಂದು ಕಠಿಣ ಪ್ರಶ್ನೆಯೂ ಅಡಗಿದೆ.

ಪ್ರೋಟೀನು ಎಂದೊಡನೆ ಬೇಳೆಕಾಳು, ಹಾಲು ನೆನಪಿಗೆ ಬರುವುದು ಸಹಜ. ಹಿಂದಿನ ಪಠ್ಯಪುಸ್ತಕಗಳು ಸಸಾರಜನಕ ಎಂದು ಕರೆಯುತ್ತಿದ್ದುದು ಇದನ್ನೇ. ಆದರೆ ಆಹಾರವಾಗಿ ಒದಗುವುದು ಪ್ರೋಟೀನಿನ ಒಂದು ಮುಖ ಮಾತ್ರ. ಅಮೈನೋ ಆಮ್ಲಗಳು ಮಣಿಗಳಂತೆ ಸಾಲಾಗಿ ಪೋಣಿಸಿಕೊಂಡು, ಆ ಸರವು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡಾಗ ಒಂದೊಂದು ಪ್ರೋಟೀನು ರೂಪುಗೊಳ್ಳುತ್ತದೆ. ದೇಹದ ಬಹುತೇಕ ಕೆಲಸಗಳು ನಡೆಯುವುದು ಇವುಗಳಿಂದಲೇ. ಯಾವ ಮಣಿಯ ಮುಂದೆ ಯಾವ ಮಣಿ ಬರಬೇಕೆಂಬ ಆದೇಶವು ಜೀವಕೋಶದ ನಡುವಿನ ಡಿ.ಎನ್.ಎ.ಯಲ್ಲಿ ಬರೆದಿರುತ್ತದೆ. ಒಂದು ಪ್ರೋಟೀನಿನ ಆದೇಶವನ್ನು ಹೊತ್ತ ಭಾಗಕ್ಕೆ ಜೀನು ಅಥವಾ ವಂಶವಾಹಿ ಎಂದು ಹೆಸರು. ಮುಂದಿನ ವಿಷಯಕ್ಕೆ ಇಷ್ಟು ಪೀಠಿಕೆ ಸಾಕು.

ಟೈರೋಸಿನೇಸ್ ಮಾಡುವ ಕೆಲಸ ಸರಳವಾಗಿ ತೋರಿದರೂ ಅದರ ಪರಿಣಾಮ ದೊಡ್ಡದು. ಟೈರೋಸಿನ್ ಎಂಬ ಸಾಮಾನ್ಯ ಅಮೈನೋ ಆಮ್ಲವನ್ನು ಅದು ಮಾರ್ಪಡಿಸುತ್ತದೆ. ಅಲ್ಲಿಂದ ಮುಂದೆ ಹಲವು ಹಂತಗಳ ಕ್ರಿಯೆ ನಡೆದು ಮೆಲನಿನ್ ಎಂಬ ವರ್ಣದ್ರವ್ಯ ಸಿದ್ಧವಾಗುತ್ತದೆ. ಈ ಕಾರ್ಯವೆಲ್ಲ ನಡೆಯುವುದು ವರ್ಣಕೋಶಗಳೆಂಬ ವಿಶೇಷ ಜೀವಕೋಶಗಳೊಳಗಿನ ಸಣ್ಣ ಸಣ್ಣ ಚೀಲಗಳಲ್ಲಿ. ಜೀನು ಕೆಟ್ಟು ಈ ಕಿಣ್ವವು ಪೂರ್ತಿಯಾಗಿ ನಿಷ್ಕ್ರಿಯವಾದರೆ ಮಗು ಬೆಳ್ಳಗಿನ ಕೂದಲು, ಬಣ್ಣವಿಲ್ಲದ ಚರ್ಮದೊಡನೆ ಹುಟ್ಟುತ್ತದೆ. ಅರ್ಧಂಬರ್ಧ ಕೆಟ್ಟರೆ ಏನಾಗುವುದೆಂಬುದಕ್ಕೆ ಸಯಾಮಿ ಬೆಕ್ಕು ಒಂದು ಸೊಗಸಾದ ನಿದರ್ಶನ. ಅದರ ಟೈರೋಸಿನೇಸ್ ಶಾಖವನ್ನು ತಾಳಲಾರದು. ದೇಹದ ಬಿಸಿಯಾದ ನಡುಭಾಗದಲ್ಲಿ ಅದು ಕೆಲಸ ಮಾಡದೆ ಅಲ್ಲಿನ ರೋಮ ತಿಳಿಬಣ್ಣವಾಗಿಯೇ ಉಳಿಯುತ್ತದೆ. ತಂಪಾಗಿರುವ ಕಿವಿ, ಮೂತಿ, ಪಾದ, ಬಾಲಗಳ ತುದಿಯಲ್ಲಿ ಮಾತ್ರ ಚುರುಕಾಗಿ ಕಪ್ಪುಬಣ್ಣವನ್ನು ಕೊಡುತ್ತದೆ. ಒಂದೇ ಪ್ರೋಟೀನಿನ ಗುಣವನ್ನು ಬರಿಗಣ್ಣಿನಿಂದ ಹೀಗೆ ಓದಬಲ್ಲ ಸಂದರ್ಭಗಳು ಪ್ರಕೃತಿಯಲ್ಲಿ ಬಹಳವಿಲ್ಲ. ತರಗತಿಯಲ್ಲಿ ಕಿಣ್ವಗಳ ಪಾಠ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ದೊರೆಯುವುದು ಕಷ್ಟ.

ಈ ವರ್ಣಕೋಶಗಳು ಅಂಕೆ ಮೀರಿ ಬೆಳೆದಾಗ ಉಂಟಾಗುವ ಅರ್ಬುದವೇ ಮೆಲನೋಮ. ಮನುಷ್ಯರಲ್ಲಿ, ಅದರಲ್ಲಿಯೂ ಬಿಳಿಯ ಮೈಬಣ್ಣದವರಲ್ಲಿ, ಇದು ಹೆಚ್ಚಾಗಿ ಬಿಸಿಲಿಗೆ ಒಡ್ಡಿಕೊಂಡ ಚರ್ಮದ ರೋಗ. ನಾಯಿಗಳಲ್ಲಿ ಇದರ ಮುಖ್ಯ ನೆಲೆ ಬಾಯಿ. ನಾಯಿಯ ಬಾಯಿಯಲ್ಲಿ ಕಾಣಿಸಿಕೊಳ್ಳುವ ಮಾರಕ ಅರ್ಬುದಗಳಲ್ಲಿ ಮೆಲನೋಮವೇ ಮೊದಲನೆಯದೆಂದು ಪಶುವೈದ್ಯರು ಎಣಿಸುತ್ತಾರೆ. ವಯಸ್ಸಾದ ನಾಯಿಗಳಲ್ಲಿ ಇದು ಹೆಚ್ಚು. ಕಾಕರ್ ಸ್ಪ್ಯಾನಿಯಲ್, ಸ್ಕಾಟಿಷ್ ಟೆರಿಯರ್, ಪೂಡಲ್, ಚೌ ಚೌ ಮುಂತಾದ ತಳಿಗಳಲ್ಲಿ ವಿಶೇಷವಾಗಿ ಕಂಡುಬಂದಿದೆ. ಮನುಷ್ಯರ ಬಾಯಿಯ ಕ್ಯಾನ್ಸರಿಗೂ ಹೊಗೆಸೊಪ್ಪಿಗೂ ಇರುವ ಸಂಬಂಧ ಸುಪ್ರಸಿದ್ಧವಷ್ಟೆ. ನಾಯಿಯ ಬಾಯಿಯ ಮೆಲನೋಮಕ್ಕೆ ಅಂಥ ಸ್ಪಷ್ಟವಾದ ಹೊರಗಿನ ಕಾರಣ ಯಾವುದೂ ಗೊತ್ತಾಗಿಲ್ಲ. ಬಿಸಿಲು ತಾಗದ ಸ್ಥಳದಲ್ಲಿ ಹುಟ್ಟುವುದರಿಂದ ಬಿಸಿಲನ್ನೂ ದೂರುವಂತಿಲ್ಲ.

ರೋಗದ ಕ್ರೌರ್ಯವಿರುವುದು ಅದು ಅಡಗಿಕೊಳ್ಳುವ ರೀತಿಯಲ್ಲಿ. ನಾಯಿಯ ಬಾಯೊಳಗೆ ದಿನವೂ ಇಣುಕಿ ನೋಡುವವರು ಅಪರೂಪ. ಉಸಿರಿನ ದುರ್ವಾಸನೆ, ಜೊಲ್ಲಿನಲ್ಲಿ ರಕ್ತ, ಅಗಿಯಲು ತೊಂದರೆ, ಅಲುಗಾಡುವ ಹಲ್ಲು, ಒಂದು ಕಡೆಗೆ ಊದಿದ ಮೂತಿ, ಇವು ಕಣ್ಣಿಗೆ ಬೀಳುವ ಹೊತ್ತಿಗೆ ಗಂಟು ಎಷ್ಟೋ ಬೆಳೆದು ದವಡೆಯ ಮೂಳೆಯನ್ನು ಹೊಕ್ಕಿರುತ್ತದೆ. ಅಲ್ಲಿಂದ ಕೆಲವು ಜೀವಕೋಶಗಳು ಬೇರ್ಪಟ್ಟು ಕುತ್ತಿಗೆಯ ದುಗ್ಧಗ್ರಂಥಿಗಳಿಗೂ ಶ್ವಾಸಕೋಶಗಳಿಗೂ ಹರಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಎರಡು ಸೆಂಟಿಮೀಟರಿಗೆ ಮೀರದ ಗಂಟು ಮೊದಲನೆಯ ಹಂತ. ಎರಡರಿಂದ ನಾಲ್ಕು ಸೆಂಟಿಮೀಟರು ಎರಡನೆಯದು. ಅದಕ್ಕಿಂತ ದೊಡ್ಡದು ಅಥವಾ ದುಗ್ಧಗ್ರಂಥಿಗೆ ಹರಡಿದ್ದು ಮೂರನೆಯದು. ದೂರದ ಅಂಗಗಳಿಗೆ ಹರಡಿದ್ದು ನಾಲ್ಕನೆಯದು. ಶಸ್ತ್ರಚಿಕಿತ್ಸೆಯೊಂದನ್ನೇ ಪಡೆದ ನಾಯಿಗಳ ಹಿಂದಿನ ದಾಖಲೆಗಳ ಪ್ರಕಾರ ಮೊದಲನೆಯ ಹಂತದವು ಸಾಮಾನ್ಯವಾಗಿ ಒಂದೂವರೆ ವರ್ಷದವರೆಗೆ ಬದುಕಿದರೆ, ಎರಡನೆಯ ಹಂತದವು ಐದಾರು ತಿಂಗಳು, ಮೂರನೆಯ ಹಂತದವು ಮೂರು ತಿಂಗಳ ಸುಮಾರು ಬದುಕಿದವು. ಒಂದೆರಡು ಸೆಂಟಿಮೀಟರುಗಳ ಅಂತರವು ಒಂದು ವರ್ಷದ ಆಯುಸ್ಸಿಗೆ ಸಮನಾಗಿರುವುದನ್ನು ಈ ಅಂಕಿಗಳಲ್ಲಿ ಕಾಣಬಹುದು.

ಶಸ್ತ್ರಚಿಕಿತ್ಸೆಯೆಂದರೆ ಗಂಟನ್ನಷ್ಟೇ ಕೀಳುವುದಲ್ಲ. ಸುತ್ತಲಿನ ಆರೋಗ್ಯವಂತ ಭಾಗವನ್ನೂ ದವಡೆಯ ಮೂಳೆಯ ಒಂದು ತುಂಡನ್ನೂ ತೆಗೆಯಬೇಕಾಗುತ್ತದೆ. ಕೇಳುವವರಿಗೆ ಇದು ಘೋರವೆನಿಸಿದರೂ ದವಡೆಯ ಭಾಗವನ್ನು ಕಳೆದುಕೊಂಡ ನಾಯಿಗಳು ಬಹುಬೇಗ ಮತ್ತೆ ಉಣ್ಣಲು ಕಲಿಯುತ್ತವೆ. ಕನ್ನಡಿ ನೋಡಿ ಕೊರಗುವ ಸ್ವಭಾವ ಅವಕ್ಕಿಲ್ಲ. ಕತ್ತಿಗೆ ಎಟುಕದ ಗಂಟಿಗೆ ವಿಕಿರಣ ಚಿಕಿತ್ಸೆಯಿಂದ ಗುಣ ಕಾಣುವುದುಂಟು. ಔಷಧಿಗಳಿಂದ ಆಗುವ ಪ್ರಯೋಜನ ಅಲ್ಪ. ಹೀಗಾಗಿ ಬಾಯಿಯಲ್ಲಿನ ಗಂಟನ್ನು ಗೆದ್ದರೂ, ಆಗಲೇ ಹೊರಟುಹೋಗಿ ಶ್ವಾಸಕೋಶದಲ್ಲಿ ಬೀಜದಂತೆ ಬಿದ್ದಿರುವ ಕೋಶಗಳನ್ನು ಹುಡುಕಿ ಕೊಲ್ಲುವ ಸಾಧನವಿಲ್ಲದೆ ಹೋದದ್ದೇ ವೈದ್ಯರ ದೊಡ್ಡ ಕೊರತೆಯಾಗಿತ್ತು.

ಹುಡುಕಿ ಕೊಲ್ಲುವ ಕೆಲಸಕ್ಕೆ ದೇಹದಲ್ಲಿಯೇ ಒಂದು ಪಡೆ ಇದೆ. ರೋಗನಿರೋಧಕ ವ್ಯವಸ್ಥೆಯ ಬಿಳಿಯ ರಕ್ತಕಣಗಳು ಪರಕೀಯ ಪ್ರೋಟೀನುಗಳನ್ನು ಗುರುತಿಸಿ, ಅವುಗಳನ್ನು ಹೊತ್ತ ಕೋಶಗಳನ್ನು ನಾಶಮಾಡುತ್ತವೆ. ಮೆಲನೋಮದ ಕೋಶಗಳು ತಮ್ಮ ಹುಟ್ಟಿನ ಗುರುತಾಗಿ ಟೈರೋಸಿನೇಸನ್ನು ಹೊತ್ತಿರುತ್ತವೆ. ಯಕೃತ್ತಿನಲ್ಲಾಗಲಿ ಹೃದಯದಲ್ಲಾಗಲಿ ಸ್ನಾಯುವಿನಲ್ಲಾಗಲಿ ಈ ಗುರುತಿಲ್ಲ. ಆದುದರಿಂದ ಈ ಪ್ರೋಟೀನನ್ನು ಗುರಿಯಾಗಿ ತೋರಿಸಿಕೊಟ್ಟರೆ ಪಡೆಯು ತಾನಾಗಿಯೇ ಅರ್ಬುದದ ಬೆನ್ನು ಹತ್ತಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ತೊಡಕಿರುವುದು ಇಲ್ಲಿಯೇ. ಟೈರೋಸಿನೇಸ್ ನಾಯಿಗೆ ತನ್ನದೇ ಆದ ಪ್ರೋಟೀನು. ತನ್ನ ಮನೆಯ ಪ್ರೋಟೀನುಗಳ ಮೇಲೆ ತೀವ್ರವಾಗಿ ಎರಗಬಲ್ಲ ಕಣಗಳನ್ನು ದೇಹವು ಅವು ಬಲಿಯುವ ಕಾಲದಲ್ಲಿಯೇ, ಥೈಮಸ್ ಎಂಬ ಗ್ರಂಥಿಯಲ್ಲಿ, ಬಹುಮಟ್ಟಿಗೆ ಅಳಿಸಿಬಿಡುತ್ತದೆ. ಇಲ್ಲವಾದಲ್ಲಿ ಪಡೆ ಸ್ವಂತ ಊರನ್ನೇ ಸೂರೆಮಾಡೀತು. ಅರ್ಬುದಕ್ಕೆ ಈ ವಿವೇಕವೇ ರಕ್ಷಾಕವಚವಾಗುತ್ತದೆ. ನಾಯಿಯ ಟೈರೋಸಿನೇಸನ್ನೇ ನಾಯಿಗೆ ಚುಚ್ಚಿದರೆ ಪಡೆ ಅದನ್ನು ಸ್ವಜನವೆಂದು ಬಗೆದು ಸುಮ್ಮನಿರುತ್ತದೆ.

ಈ ಗಂಟನ್ನು ಬಿಚ್ಚುವ ಉಪಾಯ ಹೊಳೆದದ್ದು ಇಲಿಗಳ ಮೇಲಿನ ಪ್ರಯೋಗದಲ್ಲಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಆಲನ್ ಹಾಟನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ, ಟೈರೋಸಿನೇಸಿನ ಸೋದರಸಂಬಂಧಿಯಾದ ಮತ್ತೊಂದು ವರ್ಣಕೋಶ ಪ್ರೋಟೀನನ್ನು ಆರಿಸಿಕೊಂಡರು. ಇಲಿಯ ಪ್ರೋಟೀನನ್ನು ಇಲಿಗೆ ಕೊಟ್ಟಾಗ ಪ್ರತಿಕ್ರಿಯೆ ಬರಲಿಲ್ಲ. ಮನುಷ್ಯನ ಅದೇ ಪ್ರೋಟೀನಿನ ಜೀನನ್ನು ಇಲಿಗೆ ಕೊಟ್ಟಾಗ ನಿರೋಧಕ ಪಡೆ ಎಚ್ಚತ್ತಿತು. ಎಚ್ಚತ್ತ ಪಡೆ ಮನುಷ್ಯನ ಪ್ರೋಟೀನಿಗಷ್ಟೇ ನಿಲ್ಲದೆ, ಅದನ್ನು ಬಹುವಾಗಿ ಹೋಲುವ ಇಲಿಯ ಪ್ರೋಟೀನಿನ ಮೇಲೆಯೂ ಹರಿದುಹೋಯಿತು. ಇಲಿಗಳಿಗೆ ಮೆಲನೋಮದಿಂದ ರಕ್ಷಣೆ ದೊರೆಯಿತು. ಜೊತೆಗೆ ಅವುಗಳ ಕಪ್ಪು ರೋಮ ಅಲ್ಲಲ್ಲಿ ಬೆಳ್ಳಗಾಯಿತು. ಆರೋಗ್ಯವಂತ ವರ್ಣಕೋಶಗಳೂ ಪೆಟ್ಟು ತಿಂದವೆಂಬುದಕ್ಕೆ ಆ ಬಿಳಿಯ ರೋಮವೇ ಸಾಕ್ಷಿ. ಉಪಾಯದ ತಿರುಳು ಇಷ್ಟೆ: ಗುರಿಯಾಗಬೇಕಾದ ಪ್ರೋಟೀನು ತೀರ ಪರಕೀಯವಾಗಿದ್ದರೆ ಕಲಿತ ಪಾಠ ಅರ್ಬುದಕ್ಕೆ ಅನ್ವಯಿಸದು, ತೀರ ಸ್ವಕೀಯವಾಗಿದ್ದರೆ ಪಾಠವೇ ಹತ್ತದು. ಎರಡರ ನಡುವಣ ಹೋಲಿಕೆ ಬೇಕು. ಬೇರೆ ಪ್ರಾಣಿಯೊಂದರ ದೇಹದಲ್ಲಿ ಅಂಥ ಪ್ರೋಟೀನು ಸಿದ್ಧವಾಗಿಯೇ ಇರುತ್ತದೆ.

ಈ ತತ್ತ್ವವನ್ನು ನಾಯಿಗಳಿಗೆ ಅನ್ವಯಿಸಿದವರು ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರಿನಲ್ಲಿದ್ದ ಪಶುವೈದ್ಯ ಫಿಲಿಪ್ ಬರ್ಗ್‌ಮನ್ ಹಾಗೂ ಸ್ಲೋನ್-ಕೆಟರಿಂಗ್‌ನ ವೈದ್ಯ ಜೆಡ್ ವುಲ್ಚಾಕ್ ಅವರು. ಒಂದು ಉಂಗುರಾಕಾರದ ಡಿ.ಎನ್.ಎ. ತುಣುಕಿನಲ್ಲಿ ಮನುಷ್ಯನ ಟೈರೋಸಿನೇಸಿನ ಜೀನನ್ನು ಸೇರಿಸಿ, ಬ್ಯಾಕ್ಟೀರಿಯಗಳಲ್ಲಿ ಅದನ್ನು ಹೇರಳವಾಗಿ ಬೆಳೆಸಿ ಶುದ್ಧಗೊಳಿಸಲಾಯಿತು. ನಾಯಿಗೆ ಕೊಡುವುದು ಪ್ರೋಟೀನನ್ನಲ್ಲ, ಅದರ ಆದೇಶಪತ್ರವನ್ನು. ಸೂಜಿಯಿಲ್ಲದ ಉಪಕರಣವೊಂದು ರಭಸದಿಂದ ಒತ್ತಿದ ದ್ರಾವಣವು ಚರ್ಮವನ್ನು ದಾಟಿ ಸ್ನಾಯುವನ್ನು ಸೇರುತ್ತದೆ. ಅಲ್ಲಿನ ಕೋಶಗಳು ಆದೇಶವನ್ನು ಓದಿ ಮನುಷ್ಯನ ಟೈರೋಸಿನೇಸನ್ನು ತಾವೇ ತಯಾರಿಸುತ್ತವೆ. ಎರಡು ವಾರಗಳಿಗೊಮ್ಮೆಯಂತೆ ನಾಲ್ಕು ಬಾರಿ ಕೊಡುವುದು ಕ್ರಮ. ಲಸಿಕೆಯೆಂದರೆ ರೋಗ ಬಾರದಂತೆ ಮುಂಚೆಯೇ ಹಾಕಿಸುವುದೆಂಬ ಭಾವನೆ ರೂಢವಾಗಿದೆ. ಇದಾದರೋ ರೋಗ ಬಂದ ಮೇಲೆ ಹಾಕುವ ಲಸಿಕೆ. ಆ ಮಾತಿಗೆ ಬಂದರೆ 1885ರಲ್ಲಿ ಪಾಶ್ಚರ್ ಅವರು ಹುಚ್ಚುನಾಯಿ ಕಚ್ಚಿದ ಬಾಲಕನಿಗೆ ಕೊಟ್ಟ ಲಸಿಕೆಯೂ ಕಡಿತದ ನಂತರ ಕೊಟ್ಟದ್ದೇ. ಅಂದು ನಾಯಿಯಿಂದ ಬಂದ ಅಪಾಯದಿಂದ ಮನುಷ್ಯನನ್ನು ಕಾಪಾಡಲು ನಡೆದ ಸಾಹಸ. ಇಂದು ಮನುಷ್ಯನ ಪ್ರೋಟೀನಿನಿಂದ ನಾಯಿಯನ್ನು ಕಾಪಾಡುವ ಪ್ರಯತ್ನ.

ಒಂಬತ್ತು ನಾಯಿಗಳ ಮೇಲೆ ನಡೆದ ಮೊದಲ ಪರೀಕ್ಷೆಯ ವರದಿ 2003ರಲ್ಲಿ ಪ್ರಕಟವಾಯಿತು. ಅವೆಲ್ಲವೂ ಎರಡು, ಮೂರು, ನಾಲ್ಕನೆಯ ಹಂತದ ಮೆಲನೋಮದ ನಾಯಿಗಳು. ಮೂರು ಮೂರು ನಾಯಿಗಳಿಗೆ 100, 500, 1500 ಮೈಕ್ರೋಗ್ರಾಮುಗಳ ಪ್ರಮಾಣದಲ್ಲಿ ಲಸಿಕೆ ಕೊಡಲಾಯಿತು. ಚುಚ್ಚಿದ ಜಾಗದ ಅಲ್ಪಸ್ವಲ್ಪ ತೊಂದರೆಯ ಹೊರತು ಬೇರೆ ಹಾನಿ ಕಾಣಲಿಲ್ಲ. ಇಲಿಗಳಲ್ಲಿ ಕಂಡಂತೆ ದೇಹ ತನ್ನ ಮೇಲೆ ತಾನೇ ಎರಗಿದ ಚಿಹ್ನೆಗಳೂ ಇರಲಿಲ್ಲ. ಒಂದು ನಾಯಿಯ ಶ್ವಾಸಕೋಶಗಳಿಗೆ ಹರಡಿದ್ದ ಹಲವು ಗಂಟುಗಳು ಪೂರ್ಣವಾಗಿ ಮಾಯವಾಗಿ 329 ದಿನಗಳ ಕಾಲ ಹಾಗೆಯೇ ಇದ್ದವು. ನಾಲ್ಕನೆಯ ಹಂತದ ಇನ್ನೆರಡು ನಾಯಿಗಳು ಗಂಟುಗಳಿದ್ದೂ ದೀರ್ಘಕಾಲ ಬದುಕಿದವು: ಒಂದು 421 ದಿನ, ಇನ್ನೊಂದು ವರದಿಯಾಗುವ ವೇಳೆಗೆ 588 ದಿನಗಳನ್ನು ದಾಟಿತ್ತು. ಎರಡು ನಾಯಿಗಳು 501 ಮತ್ತು 496 ದಿನಗಳ ಮೇಲೆ ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಮೆಲನೋಮದ ಕುರುಹೂ ಇರಲಿಲ್ಲ. ಉಳಿದ ನಾಲ್ಕರಲ್ಲಿ ಮೂಲದ ಗಂಟೇ ಬೆಳೆದು, ನೋವಿನಿಂದ ಬಿಡುಗಡೆಗೊಳಿಸಬೇಕಾಯಿತು. ಒಟ್ಟಿನಲ್ಲಿ ಬದುಕಿನ ಮಧ್ಯಾಂಕ 389 ದಿನ.

ಮಧ್ಯಾಂಕವೆಂದರೆ ಸರಾಸರಿಯಲ್ಲ. ನಾಯಿಗಳನ್ನು ಬದುಕಿದ ದಿನಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವುದರ ಲೆಕ್ಕ ಅದು ಎಂದು ಸ್ಥೂಲವಾಗಿ ಹೇಳಬಹುದು. ಮೂರು ತಿಂಗಳು, ಐದು ತಿಂಗಳು ಎನ್ನುತ್ತಿದ್ದಲ್ಲಿ ಒಂದು ವರ್ಷಕ್ಕೂ ಮಿಗಿಲು ದೊರೆತರೆ ಯಾರಿಗೆ ಹರ್ಷವಾಗದು? ಆದರೆ ಒಂಬತ್ತು ನಾಯಿಗಳು ಒಂಬತ್ತೇ. ಅವುಗಳೊಡನೆ ಹೋಲಿಸಲು ಲಸಿಕೆ ಪಡೆಯದ ನಾಯಿಗಳು ಪರೀಕ್ಷೆಯಲ್ಲಿರಲಿಲ್ಲ. ಮುಂದೆ ಇದೇ ನಾಯಿಗಳ ರಕ್ತವನ್ನು ಪರೀಕ್ಷಿಸಿದಾಗ ಟೈರೋಸಿನೇಸಿನ ವಿರುದ್ಧ ಪ್ರತಿಕಾಯಗಳು ಏರಿದ್ದು ಮೂರು ನಾಯಿಗಳಲ್ಲಿ ಮಾತ್ರ. ಪಾಠ ಎಲ್ಲರಿಗೂ ಒಂದೇ ಸಮನಾಗಿ ಹತ್ತಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ಕೃಷಿ ಇಲಾಖೆಯು 2007ರಲ್ಲಿ ಈ ಲಸಿಕೆಗೆ ಷರತ್ತಿನ ಪರವಾನಗಿಯನ್ನೂ 2010ರ ಹೊತ್ತಿಗೆ ಪೂರ್ಣ ಪರವಾನಗಿಯನ್ನೂ ಕೊಟ್ಟಿತು. ಮೆರಿಯಲ್ ಎಂಬ ಕಂಪನಿ ಆನ್‌ಸೆಪ್ಟ್ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಕ್ಯಾನ್ಸರಿನ ಚಿಕಿತ್ಸೆಗಾಗಿ ಆ ದೇಶದ ಸರಕಾರ ಒಪ್ಪಿದ ಮೊದಲ ಲಸಿಕೆ ಮನುಷ್ಯರಿಗಿಂತ ಮೊದಲು ನಾಯಿಗಳಿಗೆ ದೊರೆತದ್ದು ವಿಶೇಷ. 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಎರಡು ಮತ್ತು ಮೂರನೆಯ ಹಂತದ, ಬಾಯಿಯ ಗಂಟನ್ನು ಆಗಲೇ ಹತೋಟಿಗೆ ತಂದಿದ್ದ 58 ನಾಯಿಗಳಿಗೆ ಲಸಿಕೆ ಹಾಕಿ, ಲಸಿಕೆ ಪಡೆಯದ 53 ನಾಯಿಗಳ ಹಿಂದಿನ ದಾಖಲೆಗಳೊಡನೆ ಹೋಲಿಸಲಾಯಿತು. ಲಸಿಕೆ ಪಡೆದವು ಸ್ಪಷ್ಟವಾಗಿ ಹೆಚ್ಚು ಕಾಲ ಬದುಕಿದವು.

ಇಲ್ಲಿ ನಿಂತು ಯೋಚಿಸತಕ್ಕ ಅಂಶವೊಂದಿದೆ. ಹಿಂದಿನ ದಾಖಲೆಗಳ ನಾಯಿಗಳು ಬೇರೆ ಕಾಲದವು. ಅವುಗಳ ಶಸ್ತ್ರಚಿಕಿತ್ಸೆ, ಕ್ಷಕಿರಣ ಪರೀಕ್ಷೆ, ಆರೈಕೆ ಇವು ಇಂದಿನಷ್ಟು ಚೆನ್ನಾಗಿದ್ದುವೆಂದು ಹೇಳಲಾಗದು. ಈ ವರ್ಷ ಹೊಸ ಗೊಬ್ಬರ ಹಾಕಿದ ಹೊಲದ ಬೆಳೆಯನ್ನು ಹೋದ ವರ್ಷದ ಪಕ್ಕದ ಹೊಲದ ಬೆಳೆಯೊಡನೆ ಹೋಲಿಸಿದ ರೈತ, ಹೆಚ್ಚಿನ ಫಸಲು ಗೊಬ್ಬರದ್ದೋ ಮಳೆಯದೋ ಎಂದು ಹೇಗೆ ನಿರ್ಣಯಿಸಿಯಾನು? ಒಂದೇ ಕಾಲದಲ್ಲಿ, ಚೀಟಿ ಎತ್ತಿದಂತೆ ಎರಡು ಗುಂಪುಗಳನ್ನು ಮಾಡಿ, ಒಂದಕ್ಕೆ ಲಸಿಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡುವ ಪರೀಕ್ಷೆಯೇ ಇದಕ್ಕೆ ಉತ್ತರ ಕೊಡಬಲ್ಲದು. ಪರವಾನಗಿಗೆ ಆಧಾರವಾದದ್ದು ಅಂಥ ಪರೀಕ್ಷೆಯಲ್ಲ. 2013ರಲ್ಲಿ ಬೇರೊಂದು ತಂಡ 45 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಲಸಿಕೆ ಪಡೆದವು 22, ಪಡೆಯದವು 23. ಎರಡು ಗುಂಪುಗಳ ಆಯುಸ್ಸಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನವೂ ಚಿಕ್ಕದೇ. ಇದೂ ಹಿಂದಿರುಗಿ ನೋಡಿದ ದಾಖಲೆಗಳದೇ. ಆದುದರಿಂದ ಇದರಿಂದ ಲಸಿಕೆ ವ್ಯರ್ಥವೆಂದು ಸಾಧಿಸಿದಂತಾಗಲಿಲ್ಲ, ಮೊದಲಿನದರಿಂದ ಸಾರ್ಥಕವೆಂದೂ ಸಾಧಿಸಿದಂತಾಗಲಿಲ್ಲ. ದುಬಾರಿ ಚಿಕಿತ್ಸೆಯೊಂದನ್ನು ಮಾಡಿಸಬೇಕೇ ಬೇಡವೇ ಎಂದು ವೈದ್ಯರ ಮುಖ ನೋಡುತ್ತ ಕುಳಿತ ಯಜಮಾನನಿಗೆ ಈ ಅನಿಶ್ಚಯ ಪಾಂಡಿತ್ಯದ ಚರ್ಚೆಯಲ್ಲ. ಲಸಿಕೆಯಿಂದ ಹಾನಿ ಕಡಿಮೆ, ಪ್ರಯೋಜನ ಸಂದಿಗ್ಧ ಎಂದು ತಿಳಿಸುವುದೇ ಅವನಿಗೆ ನ್ಯಾಯ ಮಾಡಿದಂತೆ.

ಲಸಿಕೆ ಎಲ್ಲ ನಾಯಿಗಳಲ್ಲಿ ಫಲಿಸದಿರುವುದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಅರ್ಬುದದ ಕೋಶಗಳೆಲ್ಲ ಒಂದೇ ಅಚ್ಚಿನವಲ್ಲ. ಕೆಲವು ಟೈರೋಸಿನೇಸನ್ನು ತಯಾರಿಸುವುದನ್ನೇ ಬಿಟ್ಟಿರುತ್ತವೆ. ನಾಯಿಯ ಬಾಯಿಯ ಮೆಲನೋಮಗಳಲ್ಲಿ ಸುಮಾರು ಮೂರರಲ್ಲೊಂದು ಕಪ್ಪಾಗಿರದೆ ನಸುಗೆಂಪಾಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಇವು ಬೇರೆ ಅರ್ಬುದಗಳೆಂದು ಭ್ರಮೆ ಹುಟ್ಟಿಸುತ್ತವೆ. ಇಂಥಲ್ಲಿ ವರ್ಣಕೋಶಗಳಿಗೇ ವಿಶಿಷ್ಟವಾದ ಪ್ರೋಟೀನುಗಳನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳಿಂದ ಬಣ್ಣ ಹಚ್ಚಿ ರೋಗವನ್ನು ನಿರ್ಧರಿಸುತ್ತಾರೆ. ಆ ಕೆಲಸದಲ್ಲಿ ಟೈರೋಸಿನೇಸಿಗಿಂತ ಅದರ ಸೋದರಸಂಬಂಧಿ ಪ್ರೋಟೀನುಗಳೂ ಮೆಲನ್-ಎ ಎಂಬುದೂ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಂಡಿವೆ.

ಇನ್ನೊಂದು ಕಾರಣವೂ ಉಂಟು. ಪಡೆ ಎಚ್ಚತ್ತು ಅರ್ಬುದದ ಬಾಗಿಲಿಗೆ ಬಂದಾಗ ಅದನ್ನು ತಣ್ಣಗಾಗಿಸುವ ಪ್ರೋಟೀನೊಂದನ್ನು ಅರ್ಬುದವು ತನ್ನ ಮೈಮೇಲೆ ಹೊರಚಾಚುತ್ತದೆ. ಬಿಳಿಯ ಕಣದ ಮೇಲಿರುವ ಪಿ.ಡಿ.-1 ಎಂಬ ಕೊಂಡಿಯನ್ನು ಅದು ಹಿಡಿದೊಡನೆ ಕಣ ನಿಸ್ತೇಜವಾಗುತ್ತದೆ. ಈ ಹಿಡಿತವನ್ನು ಬಿಡಿಸುವ ಪ್ರತಿಕಾಯಗಳು ಮನುಷ್ಯರ ಮೆಲನೋಮ ಚಿಕಿತ್ಸೆಯನ್ನೇ ಬದಲಾಯಿಸಿವೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ನಾಯಿಗಳಿಗೆ ಹೊಂದುವ ಇಂಥ ಪ್ರತಿಕಾಯವನ್ನು ಬಾಯಿಯ ಮೆಲನೋಮವಿದ್ದ ಏಳು ನಾಯಿಗಳಿಗೆ ಕೊಟ್ಟು 2017ರಲ್ಲಿ ವರದಿ ಮಾಡಿದರು. ಅರ್ಬುದ ಕುಗ್ಗಿದ್ದು ಒಂದರಲ್ಲಿ. ಇಟಲಿಯ ಟ್ಯೂರಿನ್‌ನಲ್ಲಿ ಟೈರೋಸಿನೇಸಿನ ಬದಲು ಅರ್ಬುದಕೋಶದ ಹೊರಮೈಯಲ್ಲಿರುವ ಬೇರೊಂದು ಪ್ರೋಟೀನನ್ನು, ಅದರಲ್ಲಿಯೂ ಮನುಷ್ಯನದನ್ನೇ, ಲಸಿಕೆಯಾಗಿ ಪ್ರಯೋಗಿಸಿದ್ದಾರೆ.

ಈ ಪ್ರಯತ್ನಗಳಿಂದ ಮನುಷ್ಯರಿಗೂ ಪ್ರಯೋಜನವಿದೆ. ಮನುಷ್ಯರ ಬಾಯಿ, ಮೂಗುಗಳ ಒಳಪೊರೆಯಲ್ಲಿ ಹುಟ್ಟುವ ಮೆಲನೋಮ ವಿರಳ. ವಿರಳವಾದ್ದರಿಂದಲೇ ಅದರ ಅಧ್ಯಯನ ಕಷ್ಟ. ಚರ್ಮದ ಮೆಲನೋಮದಲ್ಲಿ ಅರ್ಧದಷ್ಟು ರೋಗಿಗಳಲ್ಲಿ ಕಾಣುವ ಬಿ-ರಾಫ್ ಎಂಬ ಜೀನಿನ ದೋಷ ಒಳಪೊರೆಯ ಮೆಲನೋಮದಲ್ಲಿ ಅಪರೂಪ; ನಾಯಿಯ ಬಾಯಿಯ ಮೆಲನೋಮದಲ್ಲಿಯೂ ಹಾಗೆಯೇ. ಪ್ರಯೋಗಶಾಲೆಯ ಇಲಿಗೆ ರೋಗವನ್ನು ಹಚ್ಚಬೇಕು. ಮನೆಯ ನಾಯಿಗೆ ಅದು ತಾನಾಗಿ ಬರುತ್ತದೆ, ಮುಪ್ಪಿನಲ್ಲಿ ಬರುತ್ತದೆ, ಮನುಷ್ಯನಲ್ಲಿ ಹರಡುವಂತೆಯೇ ಹರಡುತ್ತದೆ.

ಪ್ರೋಟೀನುಗಳ ಈ ವಿದ್ಯೆ ಎಷ್ಟೇ ಮುಂದುವರಿದಿದ್ದರೂ ಇಂದಿಗೂ ನಾಯಿಯ ಆಯುಸ್ಸನ್ನು ಹೆಚ್ಚಾಗಿ ನಿರ್ಧರಿಸುವುದು ಗಂಟು ಕಣ್ಣಿಗೆ ಬಿದ್ದಾಗ ಅದರ ಅಳತೆ ಎಷ್ಟಿತ್ತೆಂಬುದೇ. ತಿಂಗಳಿಗೊಮ್ಮೆ ತುಟಿಯನ್ನೆತ್ತಿ ವಸಡುಗಳನ್ನೂ, ಬಾಯಿ ತೆರೆಸಿ ಅಂಗಳವನ್ನೂ ನಾಲಿಗೆಯ ಕೆಳಭಾಗವನ್ನೂ ನೋಡುವುದು ನಾಯಿ ಸಾಕಿದವರಿಂದ ಆಗದ ಕೆಲಸವಲ್ಲ. ಅನೇಕ ನಾಯಿಗಳ ಬಾಯಿ ಹುಟ್ಟಿನಿಂದಲೇ ಕಪ್ಪುಮಚ್ಚೆಯದು. ಚೌ ಚೌ ತಳಿಯ ನಾಲಿಗೆಯಂತೂ ಪೂರ್ತಿ ನೀಲಿಗಪ್ಪು. ಚಪ್ಪಟೆಯಾಗಿ, ಬದಲಾಗದೆ ಇರುವ ಅಂಥ ಮಚ್ಚೆಗೆ ಹೆದರಬೇಕಿಲ್ಲ. ಉಬ್ಬಿದ, ಹುಣ್ಣಾದ, ಮುಟ್ಟಿದರೆ ರಕ್ತ ಬರುವ ಗಂಟು ಕಪ್ಪಾಗಿರಲಿ ನಸುಗೆಂಪಾಗಿರಲಿ, ಅದರ ಒಂದು ಚೂರನ್ನು ತೆಗೆಸಿ ಪರೀಕ್ಷೆಗೆ ಕಳುಹಿಸಲು ತಡಮಾಡಬಾರದು. ಹಲ್ಲಿನ ಕೀವಿರಬಹುದೆಂದು ತಿಂಗಳುಗಟ್ಟಲೆ ಕಾದರೆ ಮೊದಲನೆಯ ಹಂತ ಎರಡನೆಯದಾಗುತ್ತದೆ, ಎರಡನೆಯದು ಮೂರನೆಯದಾಗುತ್ತದೆ.